ಹಳೆಯದನ್ನು ತೆಗೆಯಲೇ?

ಚನ್ನೇಶನ ಆರು ವರ್ಷದ ಆಸೆಗೆ ಕಲ್ಲು ಬಿದ್ದದ್ದು ಒಂದು ಕ್ರಿಯಾಪದದಿಂದ. ಹೆಣ್ಣು, ಹೊನ್ನು, ಮಣ್ಣಿನಿಂದ ಕೆಟ್ಟವರ ಕತೆ ಎಲ್ಲರೂ ಕೇಳಿದ್ದೇ. ವ್ಯಾಕರಣದಿಂದ ಕೆಟ್ಟವನು ಅರಸೀಕೆರೆ ತಾಲ್ಲೂಕಿನಲ್ಲಿ ಇವನೊಬ್ಬನೇ ಇರಬೇಕು.

ಅರಸೀಕೆರೆಯ ಮಾರುಕಟ್ಟೆ ರಸ್ತೆಯಲ್ಲಿ ಕೋಡಿಬಸವೇಶ್ವರ ಟ್ರೇಡರ್ಸ್ ಎಂಬ ಕೊಬ್ಬರಿ ಮಂಡಿ ಇದೆ. ಅದರ ಮಹಡಿಯ ಮೇಲೆ ಕೋಡಿಬಸವೇಶ್ವರ ಸಾಫ್ಟ್‌ವೇರ್ಸ್. ಎರಡಕ್ಕೂ ಯಜಮಾನರು ಒಬ್ಬರೇ, ಉಮಾಶಂಕರ್. ಕೆಳಗೆ ಕೊಬ್ಬರಿ ಮೂಟೆ ದೊಪ್ಪೆಂದು ಬಿದ್ದರೆ ಮೇಲೆ ಹನ್ನೊಂದು ಕಂಪ್ಯೂಟರುಗಳು ಒಟ್ಟಿಗೆ ನಡುಗುತ್ತವೆ. ಮಂಡಿಗಳಿಗೆ ತೂಕದ ಚೀಟಿ ಕೊಡುವ ಪ್ರೋಗ್ರಾಮು, ಶಾಲೆಗಳಿಗೆ ಹಾಜರಿ ಹಾಕುವ ಪ್ರೋಗ್ರಾಮು, ಇಂಥವು ಅಲ್ಲಿ ತಯಾರಾಗುತ್ತವೆ. ಕೊಬ್ಬರಿಯ ಘಮ ಮೆಟ್ಟಿಲು ಹತ್ತಿ ಬಂದು ಕೀಬೋರ್ಡಿನ ಸಂದಿಗಳಲ್ಲಿ ಕೂತುಬಿಟ್ಟಿದೆ.

ಚನ್ನೇಶ ಅಲ್ಲಿಗೆ ಸೇರಿದ್ದು ಪ್ರೋಗ್ರಾಮರ್ ಆಗಿ. ನೇಮಕದ ಪತ್ರದಲ್ಲಿ ಹಾಗೆಂದೇ ಇದೆ, ಅದನ್ನವನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾನೆ. ಸೇರಿದ ದಿನ ಪಕ್ಕದವನ ಕಂಪ್ಯೂಟರು ಸಿದ್ಧವಾಗಿರಲಿಲ್ಲ. ಪ್ರೋಗ್ರಾಮು ಬರೆಯುವುದಕ್ಕೆ ಮೊದಲು ಕಂಪ್ಯೂಟರಿಗೆ ಹತ್ತಾರು ಸಾಮಾನು ತುಂಬಬೇಕು, ಒಂದಕ್ಕೊಂದು ಹೊಂದುವ ಹಾಗೆ ಕೂರಿಸಬೇಕು. ಒಂದು ತಪ್ಪಿದರೂ ಒಬ್ಬನ ಕಂಪ್ಯೂಟರಿನಲ್ಲಿ ಓಡಿದ್ದು ಇನ್ನೊಬ್ಬನದರಲ್ಲಿ ಮಕಾಡೆ ಮಲಗುತ್ತದೆ. ಪಾಪ, ಒದ್ದಾಡುತ್ತಿದ್ದಾನಲ್ಲ ಎಂದು ಚನ್ನೇಶ ಕೈ ಹಾಕಿ ಸರಿ ಮಾಡಿಕೊಟ್ಟ. ಹಿಂದೆಯೇ ನಿಂತಿದ್ದ ಉಮಾಶಂಕರ್, "ಕೈಗುಣ ಚೆನ್ನಾಗೈತೆ ಕಣಯ್ಯ ನಿಂದು" ಅಂದರು. ಅಷ್ಟೇ. ಮುಂದೆ ಆರು ವರ್ಷ ಯಾರೇ ಹೊಸಬರು ಬರಲಿ, ಮೂರು ಮೂರು ದಿನ ಅವರ ಕಂಪ್ಯೂಟರಿನ ಮುಂದೆ ಚನ್ನೇಶ. ಒಬ್ಬರದು ಮುಗಿಯುವಷ್ಟರಲ್ಲಿ ಇನ್ನೊಬ್ಬರದು ಕೆಟ್ಟಿರುತ್ತಿತ್ತು. ಒಂದು ಸಾಲು ಪ್ರೋಗ್ರಾಮು ಬರೆಯಲು ಅವನಿಗೆ ಪುರುಸೊತ್ತೇ ಸಿಗಲಿಲ್ಲ.

ಪ್ರೋಗ್ರಾಮರುಗಳು ಕೂರುವ ಸಾಲು ಕಿಟಕಿಯ ಕಡೆಗಿತ್ತು. ಅಲ್ಲಿ ಕೊನೆಯ ಕುರ್ಚಿ ಖಾಲಿ. ಅಲ್ಲಿಂದ ನೋಡಿದರೆ ರೈಲು ಹಳಿ, ಅದರಾಚೆ ತೆಂಗಿನ ತಲೆಗಳು, ಒಳ್ಳೆ ಗಾಳಿ. ಚನ್ನೇಶನ ಕುರ್ಚಿ ಮಾತ್ರ ಹಳೇ ಮಾನಿಟರುಗಳನ್ನು ಪೇರಿಸಿದ್ದ ಸಾಮಾನಿನ ಕೋಣೆಯ ಬಾಗಿಲಲ್ಲಿ. ಹೆಂಡತಿಯ ತವರೂರು ಕಣಕಟ್ಟೆಯಲ್ಲಿ ನಡೆದ ಒಂದು ಮದುವೆಯಲ್ಲಿ ಅವನ ಮಾವ ಯಾರಿಗೋ, "ಇವ್ರು ನಮ್ಮ ಅಳಿಯಂದ್ರು, ಕಂಪ್ಯೂಟರ್ ರಿಪೇರಿ ಮಾಡ್ತಾರೆ" ಎಂದು ಪರಿಚಯ ಮಾಡಿಸಿದ್ದರು. ಹೆಂಡತಿ ಸಿರಿ ತಲೆ ತಗ್ಗಿಸಿ ಪಾಯಸ ತಿಂದಳು. ಆ ಪಾಯಸ ಚನ್ನೇಶನಿಗೆ ಇವತ್ತಿಗೂ ಅರಗಿಲ್ಲ.

ಹಾಗಾಗಿಯೇ ಅವನು ಧೈರ್ಯ ಮಾಡಿ ಯಜಮಾನರ ಮುಂದೆ ನಿಂತದ್ದು. "ಯಜಮಾನ್ರೇ, ನಾನು ಮಾಡೋ ಕೆಲಸನೆಲ್ಲ ಒಂದು ಪ್ರೋಗ್ರಾಮಿಗೆ ಕಲಿಸ್ತೀನಿ. ಒಂದು ಗುಂಡಿ ಒತ್ತಿದ್ರೆ ಇಪ್ಪತ್ತು ನಿಮಿಷದಲ್ಲಿ ಕಂಪ್ಯೂಟರು ತಾನಾಗೇ ತಯಾರಾಗತ್ತೆ."

ಉಮಾಶಂಕರ್ ಕಣ್ಣು ಕಿರಿದು ಮಾಡಿದರು. "ನೀನು ಮುಟ್ಟಂಗಿಲ್ಲ?"

"ಮುಟ್ಟೋ ಹಂಗೇ ಇಲ್ಲ."

"ಆಗ್ಲಿ. ಅದು ತಯಾರಾದ ದಿವ್ಸವೇ ಕಿಟಕಿ ಪಕ್ಕದ ಕುರ್ಚಿ ನಿಂದು. ಕೋಡಿಬಸವಣ್ಣನ ಆಣೆ."

ಯೋಜನೆಗೆ 'ಒಂದೇ ಗುಂಡಿ' ಎಂದು ಹೆಸರಾಯಿತು. ಯಾವ ಕಂಪ್ಯೂಟರಿಗೆ ಏನೇನು ಬೇಕೆಂದು ಚನ್ನೇಶ ಪಟ್ಟಿ ಕೇಳಿದ. ತಪ್ಪಾಯಿತು. ಒಬ್ಬೊಬ್ಬರೂ ಮದುವೆಗೆ ಜವಳಿ ಬರೆಸಿದ ಹಾಗೆ ಬರೆಸಿದರು. ಯಜಮಾನರಿಗೆ ಪ್ರತಿ ಕಂಪ್ಯೂಟರು ತೆರೆದ ಕೂಡಲೇ ಕೋಡಿಬಸವಣ್ಣನ ಪಟ ಕಾಣಬೇಕು, ಮತ್ತು ಕಂಪ್ಯೂಟರು ಏನು ಕೇಳಿದರೂ ಕನ್ನಡದಲ್ಲೇ ಕೇಳಬೇಕು. "ನಂಗೂ ಅರ್ಥ ಆಗ್ಬೇಕಲ್ಲಯ್ಯ, ದುಡ್ ಹಾಕಿರೋನು ನಾನು." ಎರಡು ತಿಂಗಳು ಚನ್ನೇಶ ಹಗಲೆಲ್ಲ ಬೇರೆಯವರ ಕಂಪ್ಯೂಟರು ನೋಡಿಕೊಂಡು, ಊಟದ ಬಿಡುವಿನಲ್ಲಿ ಇದನ್ನು ಬರೆದ. ಜೀವನದಲ್ಲಿ ಅವನು ಮೊದಲ ಸಲ ಬರೆದ ನಿಜವಾದ ಪ್ರೋಗ್ರಾಮು ಅದು. ಮುಗಿದ ದಿನ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ, ಕಣ್ಣು ಕೆಂಪಾಗಿತ್ತು.

ಇಲ್ಲಿ ಚಿದಂಬರ ಮೇಷ್ಟ್ರು ಬರುತ್ತಾರೆ. ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ಅವರನ್ನು ಉಮಾಶಂಕರ್ ಆಫೀಸು ನೋಡಿಕೊಳ್ಳಲು ಕರೆತಂದಿದ್ದರು. ಯಜಮಾನರಿಗೆ ಅವರು ಒಂಬತ್ತನೇ ಕ್ಲಾಸಿನ ಗುರುಗಳು. 'ಒಂದೇ ಗುಂಡಿ'ಯ ಕನ್ನಡ ತಿದ್ದುವ ಜವಾಬ್ದಾರಿ ಸಹಜವಾಗಿಯೇ ಅವರ ಮೇಲೆ ಬಿತ್ತು. ಅವರು ಕೆಂಪು ಪೆನ್ನು ತಂದರು.

ಕಂಪ್ಯೂಟರಿನಲ್ಲಿ ಮೊದಲೇ ಏನಾದರೂ ಇದ್ದರೆ ಅದನ್ನು ಗುಡಿಸಿ ಹಾಕಿ, ಆಮೇಲೆ ಹೊಸದು ಕೂರಿಸುವುದು 'ಒಂದೇ ಗುಂಡಿ'ಯ ಕ್ರಮ. ಹೇಳದೆ ಕೇಳದೆ ಗುಡಿಸಬಾರದಲ್ಲ, ಅದಕ್ಕೇ ಚನ್ನೇಶ ಒಂದು ಪ್ರಶ್ನೆ ಇಟ್ಟಿದ್ದ: 'ಹಳೆಯದನ್ನು ಅಳಿಸಲೇ?'

ಮೇಷ್ಟ್ರು ಕನ್ನಡಕ ಮೇಲೇರಿಸಿದರು. "ಅಳಿಸಲೇ? ಅಳಿಸು ಅಂದರೆ ಅಳುವ ಹಾಗೆ ಮಾಡು ಅಂತಲೂ ಅರ್ಥ ಕಣಯ್ಯ. ಕೆಲಸಕ್ಕೆ ಸೇರಿದ ಮೊದಲ ದಿನ ಒಂದು ಹೆಣ್ಣುಮಗು ಬಂದು ಕೂತರೆ, ಅಳಿಸಲೇ ಅಂತ ಕೇಳ್ತೀಯಾ? ನಿನಗೆ ಮನುಷ್ಯತ್ವ ಇದೆಯೇ?"

"ಮೇಷ್ಟ್ರೇ, ಹಳೆಯದನ್ನು ಅಂತ ಇದೆಯಲ್ಲ..."

"ಇನ್ನೂ ಕೆಟ್ಟದು. ಹಳಬನು ಅಂದರೆ ನಾನು. ನನ್ನನ್ನ ಅಳಿಸ್ತೀಯಾ?" ಮೇಷ್ಟ್ರು ಆ ಪದದ ಮೇಲೆ ಕೆಂಪು ಗೀಟು ಎಳೆದು, ಮೇಲೆ ದುಂಡಗೆ ಬರೆದರು: 'ತೆಗೆಯಲೇ?' "ನೋಡು, ಎಷ್ಟು ಸೌಮ್ಯವಾದ ಪದ. ಬಾಗಿಲು ತೆಗೆ, ಎಲೆ ತೆಗೆ, ದೃಷ್ಟಿ ತೆಗೆ. ಕೇಳಿದವರಿಗೆ ನೋವಾಗಲ್ಲ."

ಚನ್ನೇಶ ವಾದ ಮಾಡಲಿಲ್ಲ. ಪದ ಬದಲಾಯಿತು.

ಆ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಶರತ್ಚಂದ್ರ ಎಂಬವರು ಬರುವವರಿದ್ದರು. ಬೇಲೂರು, ಹಳೇಬೀಡು, ಬಾಣಾವರ, ಮೂರು ಕಡೆ ಓದಿದ ಹುಡುಗ ಹುಡುಗಿಯರಿಗೆ ಪ್ರೋಗ್ರಾಮು ಬರೆಯುವುದನ್ನು ಕಲಿಸುವ ಕೇಂದ್ರ ತೆರೆಯುತ್ತಿರುವ ಟ್ರಸ್ಟಿನ ಕಾರ್ಯದರ್ಶಿ. ಒಂದೊಂದು ಕೇಂದ್ರಕ್ಕೆ ಇಪ್ಪತ್ತು ಕಂಪ್ಯೂಟರು. ಅರವತ್ತನ್ನೂ ಸಿದ್ಧ ಮಾಡಿಕೊಡುವವರು ಬೇಕಾಗಿತ್ತು. 'ಒಂದೇ ಗುಂಡಿ' ಮೆಚ್ಚಿದರೆ ಕೆಲಸ ಕೋಡಿಬಸವೇಶ್ವರಕ್ಕೆ, ಕುರ್ಚಿ ಚನ್ನೇಶನಿಗೆ. ಅವತ್ತೇ ಮೀನಾಕ್ಷಿ ಎಂಬ ಹುಡುಗಿ ಹೊಸದಾಗಿ ಕೆಲಸಕ್ಕೆ ಸೇರುವವಳಿದ್ದಳು. ಅವಳ ಹೊಸ ಕಂಪ್ಯೂಟರಿನ ಮೇಲೆಯೇ ತೋರಿಸುವುದೆಂದು ತೀರ್ಮಾನವಾಗಿತ್ತು. ಬೆಳಕು ಚೆನ್ನಾಗಿರಲಿ ಎಂದು ಅದನ್ನು ಕಿಟಕಿ ಪಕ್ಕದ ಖಾಲಿ ಮೇಜಿನ ಮೇಲೆ ಇಟ್ಟರು. "ಇವತ್ತೊಂದಿನ ಅಷ್ಟೇ" ಎಂದು ಯಜಮಾನರು ಚನ್ನೇಶನ ಭುಜ ತಟ್ಟಿದರು.

ಚನ್ನೇಶ ತಿಂಡಿ ತಿನ್ನದೆ ಎಂಟಕ್ಕೇ ಬಂದಿದ್ದ. ಮೀನಾಕ್ಷಿ ಹತ್ತಕ್ಕೆ ಬಂದು, ಬ್ಯಾಗನ್ನು ಎದೆಗೆ ಅಪ್ಪಿಕೊಂಡು ಕಿಟಕಿ ಪಕ್ಕ ಕೂತಳು. ಹತ್ತೂವರೆಗೆ ಯಜಮಾನರು ಪೂಜೆ ಸಾಮಾನು ಹಿಡಿದು ಬಂದರು. ಹೊಸ ಕಂಪ್ಯೂಟರಿಗೆ ವಿಭೂತಿ ಆಯಿತು, ಕುಂಕುಮ ಆಯಿತು, ಊದುಬತ್ತಿ ಹೊಗೆಯೂ ಆಯಿತು. ಕಾಯಿ ಒಡೆಯಬೇಕೆಂದಾಗ ಕಾಯಿ ಇಲ್ಲ. ಕೆಳಗೆ ಗೋಡೌನಿನ ತುಂಬ ಕೊಬ್ಬರಿ, ಒಡೆಯಲು ಒಂದು ಹಸಿಕಾಯಿ ಇಲ್ಲ.

"ಚನ್ನೇಶ, ಓಡು ಮಾರಾಯ. ಬಸ್‌ಸ್ಟ್ಯಾಂಡ್ ಹತ್ರ ಒಂದ್ ಕಾಯಿ ತಗಂಬಾ. ಜುಟ್ಟು ಇರ್ಲಿ ನೋಡು."

ಪ್ರೋಗ್ರಾಮರ್ ಆಗುವವನು ಕಾಯಿ ತರಲು ಓಡಿದ. ಮೊದಲ ಅಂಗಡಿಯಲ್ಲಿದ್ದ ಕಾಯಿಗೆ ಜುಟ್ಟಿರಲಿಲ್ಲ. ಎರಡನೇ ಅಂಗಡಿಯವನು ಬಾಗಿಲು ಅರ್ಧ ಹಾಕಿ ಕಾಫಿಗೆ ಹೋಗಿದ್ದ. ಜುಟ್ಟಿನ ಕಾಯಿ ಸಿಗುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಆ ಅರ್ಧ ಗಂಟೆ ಉಮಾಶಂಕರ್ ಸುಮ್ಮನೆ ಕೂರಬಹುದಿತ್ತು. ಸುಮ್ಮನೆ ಕೂರುವ ಜಾಯಮಾನವಿದ್ದಿದ್ದರೆ ಅವರು ಕೊಬ್ಬರಿ ವ್ಯಾಪಾರ ಬಿಟ್ಟು ಸಾಫ್ಟ್‌ವೇರಿಗೆ ಕೈ ಹಾಕುತ್ತಿರಲಿಲ್ಲ. ಸಾಮಾನಿನ ಕೋಣೆಯ ಬಾಗಿಲಲ್ಲಿ ಚನ್ನೇಶನ ಸ್ವಂತ ಕಂಪ್ಯೂಟರು ತೆರೆದೇ ಇತ್ತು. ಪರದೆಯ ನಡುವೆ ದೊಡ್ಡದಾಗಿ, ತೆಂಗಿನಕಾಯಿಯ ಚಿತ್ರದೊಂದಿಗೆ, 'ಒಂದೇ ಗುಂಡಿ'.

"ಮೇಷ್ಟ್ರೇ, ಬನ್ನಿ ಇಲ್ಲಿ. ಹೆಂಗೈತೆ ನೋಡಾಣ."

ಯಜಮಾನರು ಗುಂಡಿ ಒತ್ತಿದರು. ಕೋಡಿಬಸವಣ್ಣನ ಪಟ ಬಂತು. ಕೈ ಮುಗಿದರು. ಆಮೇಲೆ ಪ್ರಶ್ನೆ ಬಂತು: 'ಹಳೆಯದನ್ನು ತೆಗೆಯಲೇ?'

"ನನ್ನ ವಾಕ್ಯ" ಎಂದರು ಮೇಷ್ಟ್ರು. ತಾವು ಬರೆದದ್ದು ಬೆಳಕಿನ ಅಕ್ಷರಗಳಲ್ಲಿ ಮೂಡಿದ್ದನ್ನು ಅವರು ಮೊದಲ ಸಲ ನೋಡುತ್ತಿದ್ದರು, ಅದರ ಅರ್ಥದ ಕಡೆ ಗಮನವಿರಲಿಲ್ಲ.

"ಎಷ್ಟು ಮರ್ಯಾದೆಯಿಂದ ಕೇಳ್ತದೆ ನೋಡಿ!" ಯಜಮಾನರಿಗೂ ಸಂತೋಷ. "ಹಳೇದ್ನ ತೆಗೀಲಾ ಅಂತೈತೆ. ತೆಗೀಲಿ ಬಿಡಿ. ಹಳೇದ್ರಾಗೆ ಏನೇನೈತೋ ನಾವೂ ನೋಡಿದಂಗಾಯ್ತು." 'ಹೌದು' ಎಂಬುದನ್ನು ಒತ್ತಿದರು.

ಕಂಪ್ಯೂಟರು ಹೇಳಿದ ಮಾತು ನಡೆಸಿತು. ಹಳೆಯದನ್ನೆಲ್ಲ ತೆಗೆಯಿತು. ಚನ್ನೇಶನ ಎರಡು ತಿಂಗಳ ಕೆಲಸ ಆ ಕಂಪ್ಯೂಟರಿನಲ್ಲೇ ಇತ್ತು, ಅದನ್ನೂ ತೆಗೆಯಿತು. ಕೊನೆಗೆ ತೆಗೆಯುತ್ತಿದ್ದ ತನ್ನನ್ನೇ ತಾನು ತೆಗೆದುಕೊಂಡು ಕಪ್ಪಗಾಯಿತು.

ಜುಟ್ಟಿನ ಕಾಯಿ ಹಿಡಿದು ಏದುಸಿರು ಬಿಡುತ್ತ ಬಂದ ಚನ್ನೇಶನಿಗೆ ಯಜಮಾನರು, "ಎಲ್ಲಯ್ಯ, ಏನೂ ತೆಗೀಲೇ ಇಲ್ಲ?" ಎಂದು ಆಕ್ಷೇಪಣೆಯ ದನಿಯಲ್ಲಿ ಕೇಳಿದರು. ಚನ್ನೇಶ ಪರದೆ ನೋಡಿದ. ಕಾಯಿ ಕೈಜಾರಿ ನೆಲಕ್ಕೆ ಬಿದ್ದು ತಾನಾಗೇ ಎರಡು ಹೋಳಾಯಿತು.

"ಶುಭ!" ಎಂದರು ಮೇಷ್ಟ್ರು.

ಸಿಂಧು ಓಡಿ ಬಂದಳು. ಪ್ರೋಗ್ರಾಮರ್ ಸಾಲಿಗೆ ಹಿರಿಯಳು ಅವಳೇ, ದಿನಾ ಬಾಣಾವರದಿಂದ ಬರುತ್ತಿದ್ದಳು. ಕೀಲಿ ಒತ್ತಿ ನೋಡಿದಳು, ಹೊರಗೆ ಒಳಗೆ ತಡಕಾಡಿದಳು. "ಚನ್ನೇಶಣ್ಣ, ಆಫೀಸಿನ ದೊಡ್ಡ ಕಂಪ್ಯೂಟರಲ್ಲಿ ಒಂದು ಪ್ರತಿ ಇಟ್ಟಿರ್ತೀರಲ್ಲ?"

"ಅದರ ಪಾಸ್‌ವರ್ಡು ಪ್ರೋಗ್ರಾಮರುಗಳಿಗೆ ಮಾತ್ರ ಕಣಮ್ಮ" ಎಂದ ಚನ್ನೇಶ, ನೆಲದ ಮೇಲೆ ಕೂತು ಕಾಯಿಯ ಹೋಳು ಆರಿಸುತ್ತ. "ನನಗೆ ಯಾರು ಕೊಟ್ಟಿದ್ರು?"

ತಪ್ಪು ಯಜಮಾನರದಾಗಿತ್ತು, ಆದ್ದರಿಂದ ಬೈಸಿಕೊಳ್ಳುವ ಸರದಿ ಮೇಷ್ಟ್ರದಾಯಿತು. "ಗುರುಗಳೇ ನೀವು, ನಿಜ. ಆದ್ರೂ ಇದೆಂಥಾ ಪದ ಇಕ್ಕಿದ್ರಿ?" ಎಂದು ಉಮಾಶಂಕರ್ ಸಿಡುಕಿದರು. "ಬಾಗ್ಲು ತೆಗಿ ಅಂದ್ರೆ ಬಾಗ್ಲು ಕಿತ್ಕಂಡು ಹೋಗದಾ?"

"ಮೇಷ್ಟ್ರೇ, ಮನೇಲಿ ಏನಾದ್ರೂ ಇರ್ಲಿ" ಎಂದಳು ಸಿಂಧು, ಚಿಕ್ಕ ಮಗುವಿಗೆ ಹೇಳುವ ಹಾಗೆ. "ಕಂಪ್ಯೂಟರಲ್ಲಿ ಮಾತ್ರ ತೆಗೆ ಅಂದ್ರೆ ಅಳಿಸು ಅಂತ ತಿಳ್ಕೊಂಡುಬಿಡಿ. ಆಗ ಅನಾಹುತ ಆಗಲ್ಲ."

ಮೇಷ್ಟ್ರಿಗೆ ಕಣ್ಣಲ್ಲಿ ನೀರು ತುಂಬಿತು. ಅರವತ್ತೈದರ ವಯಸ್ಸಿನಲ್ಲಿ ಒಂದು ಪದದ ಅರ್ಥ ತಪ್ಪಿದ್ದು ಅವರಿಗೆ ನಿಜವಾಗಿಯೂ ನೋವಾಗಿತ್ತು. ಜೇಬಿನಿಂದ ಪುಟ್ಟ ಡೈರಿ ತೆಗೆದು, ಕೆಂಪು ಪೆನ್ನಿನಲ್ಲಿ, 'ಗಣಕಭಾಷೆಯಲ್ಲಿ, ತೆಗೆ = ಅಳಿಸು' ಎಂದು ಬರೆದು ಎರಡು ಗೆರೆ ಎಳೆದರು.

ಅಷ್ಟರಲ್ಲಿ ಮೀನಾಕ್ಷಿ ಮೆಲ್ಲಗೆ ಎದ್ದು, "ಸಾರ್, ಹೊಗೆ ಜಾಸ್ತಿ ಆಯ್ತು, ಕಿಟಕಿ ತೆಗೀಲಾ?" ಎಂದಳು.

"ಬ್ಯಾಡ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಆ ಹುಡುಗಿ ಬೆಚ್ಚಿ ಕೂತುಬಿಟ್ಟಳು, ಸ್ವಲ್ಪ ಹೊತ್ತಿಗೆ ಮುಸುಮುಸು ಅಳು ಕೇಳಿಸಿತು. ಅಂತೂ ಮೊದಲ ದಿನವೇ ಅಳಿಸಿದ್ದಾಯಿತು.

ಸಿಂಧು ಇದ್ದಕ್ಕಿದ್ದಂತೆ ತಲೆ ಚಚ್ಚಿಕೊಂಡಳು. "ಅಯ್ಯೋ, ಪೆನ್‌ಡ್ರೈವು! ಹೋದ ವಾರ ನೋಡಿಕೊಡು ಅಂತ ನಂಗೊಂದು ಪ್ರತಿ ಹಾಕಿಕೊಟ್ಟಿದ್ರಲ್ಲ ಚನ್ನೇಶಣ್ಣ! ಮನೇಲಿದೆ, ಟೀವಿ ಪಕ್ಕ."

ಚನ್ನೇಶನಿಗೆ ಹೋದ ಜೀವ ಬಂತು. ಸಿಂಧು ಬಾಣಾವರದ ಮನೆಗೆ ಫೋನು ಹಚ್ಚಿದಳು. ಅವಳ ಅತ್ತೆ ರುದ್ರಮ್ಮ ತೆಗೆದುಕೊಂಡರು. "ಅತ್ತೆ, ಟೀವಿ ಪಕ್ಕ ಬೆರಳುದ್ದ ಒಂದು ಕಪ್ಪು ಸಾಮಾನಿದೆ. ಒಂದು ಕವರಿಗೆ ಹಾಕಿ ಅರಸೀಕೆರೆ ಬಸ್ಸಿನ ಕಂಡಕ್ಟ್ರ ಕೈಗೆ ಕೊಟ್ಟುಬಿಡಿ. ಅರ್ಜೆಂಟು."

"ಕೊಡ್ತೀನಿ ಕಣವ್ವ" ಎಂದರು ರುದ್ರಮ್ಮ. ಬಾಣಾವರದಿಂದ ಅರಸೀಕೆರೆಗೆ ಅರ್ಧ ಗಂಟೆ ದಾರಿ. ಒಂದು ಗಂಟೆಗೆ ಬರಲಿಲ್ಲ. ಒಂದೂವರೆಯ ಬಸ್ಸಿಗೂ ಇಲ್ಲ. ಎರಡಕ್ಕೆ ಸಿಂಧು ಮತ್ತೆ ಫೋನು ಮಾಡಿದಳು.

"ಇಷ್ಟುದ್ದದ್ನ ಬರೀ ಹಂಗೇ ಕಳಿಸಾಕಾಯ್ತದಾ? ನಾಕ್ ಜನ ಇರೋ ಆಪೀಸು, ಏನಂದ್ಕತ್ತಾರೆ?" ಎಂದರು ರುದ್ರಮ್ಮ. "ತಂಬಿಟ್ಟು ಮಾಡ್ತಾ ಇವ್ನಿ. ಕಡ್ಲೆ ಹುರ್ದಾಯ್ತು. ಬೆಲ್ಲ ಪಾಕಕ್ಕೆ ಇಕ್ಕಿವ್ನಿ."

ಮೂರಕ್ಕೆ ಐದು ನಿಮಿಷವಿರುವಾಗ ಶರತ್ಚಂದ್ರರ ಕಾರು ಮಂಡಿಯ ಮುಂದೆ ನಿಂತಿತು. ಉಮಾಶಂಕರ್ ಚನ್ನೇಶನ ರಟ್ಟೆ ಹಿಡಿದು ಸಾಮಾನಿನ ಕೋಣೆಗೆ ಎಳೆದೊಯ್ದರು.

"ಇಲ್ಲಿಂದ್ಲೇ ಆ ಕಂಪ್ಯೂಟ್ರು ಆಡಿಸ್ಬೋದು ಅಂದಿದ್ದೆಯಲ್ಲ ಒಂದ್ಸಲ?"

"ಆಡಿಸ್ಬೋದು. ಆದ್ರೆ ಯಜಮಾನ್ರೇ..."

"ಪೆನ್ನು ಬರಗಂಟ ನೀನೇ 'ಒಂದೇ ಗುಂಡಿ'. ಅವ್ರು ಅಲ್ಲಿ ಒತ್ತಲಿ, ನೀನು ಇಲ್ಲಿ ಮಾಡು."

"ಇದು ಮೋಸ ಆಗತ್ತೆ."

"ಮೋಸ ಯಾಕಾಯ್ತದೆ? ಆರು ವರ್ಸ ನೀನೇ ತಾನೆ ಮಾಡಿದ್ದು?" ಎಂದು ಬಾಗಿಲು ಎಳೆದುಕೊಂಡು ಹೋದರು. ಸಿಂಧು ತನ್ನ ಲ್ಯಾಪ್‌ಟಾಪನ್ನು ಅವನ ತೊಡೆಯ ಮೇಲಿಟ್ಟು, "ಬಸ್ಸು ಬರೋವರೆಗೆ ಅಣ್ಣ, ಪ್ಲೀಸ್" ಎಂದು ಅವರ ಹಿಂದೆ ಹೋದಳು. ಹಳೇ ಮಾನಿಟರುಗಳ ನಡುವೆ, ಬೆಳಗಿನಿಂದ ಒಂದು ತೊಟ್ಟು ನೀರೂ ಕುಡಿಯದೆ, ಚನ್ನೇಶ ಕೂತ.

ಶರತ್ಚಂದ್ರ ತೆಳ್ಳನೆಯ, ಕಡಿಮೆ ಮಾತಿನ ಮನುಷ್ಯ. ಮೀನಾಕ್ಷಿ ಕೆಂಪು ಕಣ್ಣಿನಲ್ಲೇ ಗುಂಡಿ ಒತ್ತಿದಳು. ಚನ್ನೇಶ ಬಾಗಿಲ ಸಂದಿಯಿಂದ ಕೇಳಿಸಿಕೊಳ್ಳುತ್ತ ಬೆರಳು ಓಡಿಸಿದ. ಕಿಟಕಿ ಪಕ್ಕದ ಪರದೆಯ ಮೇಲೆ ಸಾಮಾನುಗಳು ಒಂದರ ಹಿಂದೊಂದು ಇಳಿಯತೊಡಗಿದವು. ಆರು ವರ್ಷದ ಕೈ, ಒಂದಕ್ಷರ ತಪ್ಪಲಿಲ್ಲ. ನಡುನಡುವೆ 'ಈಗ ಕನ್ನಡದ ಅಕ್ಷರಗಳನ್ನು ಕೂರಿಸುತ್ತಿದ್ದೇನೆ' ಎಂದು ಮೇಷ್ಟ್ರು ತಿದ್ದಿದ ವಾಕ್ಯಗಳನ್ನೂ ಬೆರಳಲ್ಲೇ ಬರೆದ. ಕೆಳಗೆ ಮೂಟೆ ಬಿದ್ದಾಗ ಮಾತ್ರ ಒಂದು ಕ್ಷಣ ತಡೆಯಿತು.

"ಭೇಷ್" ಎಂದರು ಶರತ್ಚಂದ್ರ. "ಇದಕ್ಕೆ ನಾವು ಏನಾದ್ರೂ ಹೇಳಿದ್ರೆ ಕೇಳತ್ತಾ?"

"ಏನ್ ಬೇಕಾದ್ರೂ ಕೇಳಿ ಸಾ. ಉತ್ರ ಕೊಡ್ತದೆ" ಎಂದು ಉಮಾಶಂಕರ್ ಎದೆಯುಬ್ಬಿಸಿ ಹೇಳಿಬಿಟ್ಟರು. ಒಳಗೆ ಚನ್ನೇಶ ಹಣೆ ಚಚ್ಚಿಕೊಂಡ.

ಶರತ್ಚಂದ್ರ ಬಗ್ಗಿ, ಎರಡು ಬೆರಳಲ್ಲಿ ನಿಧಾನವಾಗಿ ಒತ್ತಿದರು. ಚನ್ನೇಶನ ತೊಡೆಯ ಮೇಲಿನ ಪರದೆಯಲ್ಲಿ ಅಕ್ಷರಗಳು ಮೂಡಿದವು: 'ಊಟ ಆಯ್ತಾ?'

ಈ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ತಲೆಯಿಂದ ಬರುವುದಿಲ್ಲ, ನೇರ ಹೊಟ್ಟೆಯಿಂದ ಬರುತ್ತದೆ. ಚನ್ನೇಶನ ಬೆರಳು ಅವನನ್ನು ಕೇಳಲೇ ಇಲ್ಲ.

'ಇಲ್ಲ ಸಾರ್. ನಿಮ್ದು?'

ಹೊರಗೆ ಮೇಷ್ಟ್ರು ಕೆಮ್ಮಿದರು. ಉಮಾಶಂಕರ್, "ಹೊಸಾದು ಸಾ, ವಿನಯ ಕಲಿಸಿವಿ" ಎಂದರು. ಅವರ ದನಿ ಅವರಿಗೇ ಸುಳ್ಳೆನಿಸಿರಬೇಕು.

ಚನ್ನೇಶನಿಗೆ ಅಲ್ಲಿಗೆ ಸಾಕಾಯಿತು. ಕುರ್ಚಿ ಹೋದರೆ ಹೋಗಲಿ, ಈ ಬಾಳು ಬೇಡ ಎನಿಸಿತು. ಬಾಗಿಲು ತೆಗೆದುಕೊಂಡು ಹೊರಗೆ ಬಂದ. ತಲೆಯ ಮೇಲೆ ಜೇಡರ ಬಲೆ ಅಂಟಿಕೊಂಡಿತ್ತು.

"ಸಾರ್, ಒಳಗಿಂದ ಮಾಡ್ತಿದ್ದಿದ್ದು ನಾನು. ಪ್ರೋಗ್ರಾಮು ಇತ್ತು, ದೇವರಾಣೆಗೂ ಇತ್ತು. ಬೆಳಿಗ್ಗೆ ಅಳಿಸಿಹೋಯ್ತು. ಪೆನ್‌ಡ್ರೈವು ಬರ್ತಾ ಇದೆ. ನಿಮಗೆ ಸುಳ್ಳು ತೋರಿಸಬಾರದಿತ್ತು. ಕ್ಷಮಿಸಿ."

ಶರತ್ಚಂದ್ರ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ನಗಲಿಲ್ಲ. "ನನಗೆ ಮೊದಲೇ ಅನುಮಾನ ಬಂದಿತ್ತು. ಕೆಳಗೆ ಮೂಟೆ ಬಿದ್ದಾಗಲೆಲ್ಲ ನಿಮ್ಮ ಯಂತ್ರ ಬೆಚ್ಚುತ್ತಿತ್ತು. ಅದಕ್ಕೇ ಊಟ ಕೇಳಿದೆ. ಏನು ನಿಮ್ಮ ಹೆಸರು?"

"ಚನ್ನೇಶ."

"ಚನ್ನೇಶ್ ಅವರೇ, ಕೆಲಸ ನಿಮ್ಮ ಕಂಪನಿಗೇ ಕೊಡ್ತೀನಿ. ಸತ್ಯ ಹೇಳಿದ್ರಲ್ಲ, ಅದಕ್ಕೆ. ನಿಮ್ಮ ಪ್ರೋಗ್ರಾಮು ಇವತ್ತು ಸಂಜೆ ಒಳಗೆ ನನ್ನ ಕೈಗೆ ಬಂದ್ರೆ, ಅದನ್ನೇ ತಗೊಂಡು ಹೋಗ್ತೀನಿ, ನೀವು ಆರಾಮಾಗಿ ಇಲ್ಲೇ ಇರಿ. ಬರದಿದ್ರೆ ನೀವೇ ಬರಬೇಕು. ಬೇಲೂರಿನ ಕೇಂದ್ರ ಈ ಗುರುವಾರ ಶುರು. ನಾಳೆ ಬೆಳಿಗ್ಗೆಯಿಂದ್ಲೇ ಕೈ ಹಚ್ಚಬೇಕು. ಆಮೇಲೆ ಹಳೇಬೀಡು, ಆಮೇಲೆ ಬಾಣಾವರ. ಮೂರು ತಿಂಗಳಿಗೊಮ್ಮೆ ಹೊಸ ತಂಡ ಬರತ್ತೆ, ಆಗ ಮತ್ತೆ ಮೊದಲಿಂದ." ಅವರಿಗೆ ಸ್ಟೇಷನ್ ರಸ್ತೆಯಲ್ಲಿ ಯಾರನ್ನೋ ನೋಡುವುದಿತ್ತು. ಆರು ಗಂಟೆಗೆ ಮತ್ತೆ ಬರುತ್ತೇನೆಂದು ಮೆಟ್ಟಿಲಿಳಿದರು.

ಐದೂ ಕಾಲಿಗೆ ಬಾಣಾವರದ ಬಸ್ಸಿನ ಕಂಡಕ್ಟರು ಒಂದು ಸ್ಟೀಲು ಡಬ್ಬಿಯನ್ನು ಮಂಡಿಯ ಬಾಗಿಲಲ್ಲಿ ಕೊಟ್ಟು ಹೋದ. ಡಬ್ಬಿಯ ತುಂಬ ತಂಬಿಟ್ಟು. ನಡುವೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಕಟ್ಟಿದ ಕಪ್ಪು ಪೆನ್‌ಡ್ರೈವು. ಆಫೀಸಿನಲ್ಲಿ ಹಬ್ಬವೇ ಆಯಿತು. ಮಿಕ್ಕವರು ಕಂಪ್ಯೂಟರು ಆರಿಸಿ ಹೊರಟಿದ್ದರು. ತೆರೆದಿದ್ದುದು ಮೇಷ್ಟ್ರ ಮೇಜಿನದೊಂದೇ. ಸಿಂಧು ಅದಕ್ಕೇ ಪೆನ್‌ಡ್ರೈವು ಚುಚ್ಚಿದಳು. ಪರದೆಯ ಮೇಲೆ ತೆಂಗಿನಕಾಯಿಯ ಚಿತ್ರ, ಅದರ ಕೆಳಗೆ 'ಒಂದೇ ಗುಂಡಿ', ಸುಖವಾಗಿ.

"ಇದೆ! ಎಲ್ಲಾ ಇದೆ ಅಣ್ಣ!" ಎಂದು ಕೂಗಿದ ಸಿಂಧು, ಅತ್ತೆಗೆ ಡಬ್ಬಿ ತಲುಪಿತೆಂದು ಹೇಳಲು ಫೋನು ಹಿಡಿದು ಆಚೆ ಹೋದಳು.

ಚನ್ನೇಶ ಕೂತು, ಆ ದಿನದ ಮೊದಲ ತುತ್ತಾಗಿ ಒಂದು ಇಡೀ ತಂಬಿಟ್ಟನ್ನು ಬಾಯಿಗೆ ತುಂಬಿಕೊಂಡ. ಕಣ್ಣು ಕಿಟಕಿ ಪಕ್ಕದ ಕುರ್ಚಿಯ ಮೇಲಿತ್ತು. ಮೀನಾಕ್ಷಿ ಬ್ಯಾಗು ಜೋಡಿಸಿಕೊಳ್ಳುತ್ತಿದ್ದಳು. ನಾಳೆಯಿಂದ ಆ ಗಾಳಿ ತನ್ನದು. ಕಣಕಟ್ಟೆಗೆ ಫೋನು ಮಾಡಿ ಮಾವನಿಗೆ ತಾನೇ ಹೇಳಬೇಕು, ಪ್ರೋಗ್ರಾಮರ್ ಅಂತ, ಬಿಡಿಸಿ ಬಿಡಿಸಿ ಹೇಳಬೇಕು.

ಉಮಾಶಂಕರ್ ಸೊಂಟದ ಮೇಲೆ ಕೈಯಿಟ್ಟು ಪರದೆಯನ್ನು ನೋಡಿದರು. "ಇದೇಯಾ ಬೆಳಿಗ್ಗೆಯಿಂದ ಇಷ್ಟೆಲ್ಲ ರಾದ್ಧಾಂತ ಮಾಡಿದ್ದು? ತೆಗೀರಿ ಮೇಷ್ಟ್ರೇ ಅದ್ನ."

ಮೇಷ್ಟ್ರು ಡೈರಿ ತೆರೆದು ಒಂದು ಸಲ ಖಚಿತಪಡಿಸಿಕೊಂಡರು. ಮೌಸು ಹಿಡಿದರು.

ಚನ್ನೇಶ ನೋಡಿದ. ಎದ್ದ. ಎರಡೂ ಕೈ ಬೀಸಿದ. ಬೇಡ ಎಂದು ಕೂಗಲು ಬಾಯಿ ತೆರೆದ, ಆದರೆ ಬಾಯಿಯ ತುಂಬ ರುದ್ರಮ್ಮನವರ ಹುರಿಗಡಲೆ ಹಿಟ್ಟು, ಬೆಲ್ಲದ ಪಾಕ. ಹಿಟ್ಟಿನ ಹೊಗೆಯೊಂದು ಹೊರಗೆ ಬಂತೇ ಹೊರತು ಮಾತು ಬರಲಿಲ್ಲ. "ನಿಧಾನಕ್ಕೆ ತಿನ್ನಯ್ಯ, ನೆತ್ತಿಗೆ ಹತ್ತೀತು" ಎಂದು ಯಜಮಾನರು ಅವನ ಬೆನ್ನಿಗೆ ಗುದ್ದಿದರು.

"ತೆಗೆದೆ" ಎಂದರು ಮೇಷ್ಟ್ರು, ಗಂಭೀರವಾಗಿ.

ಪರದೆ ಖಾಲಿಯಾಗಿತ್ತು. ಉಮಾಶಂಕರ್ ಪರದೆ ನೋಡಿದರು, ಮೇಷ್ಟ್ರನ್ನು ನೋಡಿದರು. "ಎಲ್ಲೋಯ್ತು?"

"ಪೂರ್ತಿ ತೆಗೆದಿದ್ದೀನಿ. ಖಂಡಿತವೇ ಅಂತ ಇಂಗ್ಲಿಷಿನಲ್ಲಿ ಕೇಳಿತು, ಖಂಡಿತ ಅಂದೆ." ಮೇಷ್ಟ್ರ ಮುಖದಲ್ಲಿ ಬೆಳಗಿನ ಅವಮಾನ ತೊಳೆದುಕೊಂಡ ಶಾಂತಿಯಿತ್ತು. "ಬೆಳಿಗ್ಗೆ ಮಾಡಿದ ತಪ್ಪನ್ನೇ ಮತ್ತೆ ಮಾಡ್ತೀನಾ ಉಮಾಶಂಕರ?"

ಫೋನು ಮುಗಿಸಿ ಬಂದ ಸಿಂಧು ಬಾಗಿಲಲ್ಲೇ ನಿಂತಳು. ಕೆಳಗೆ ಒಂದು ಮೂಟೆ ದೊಪ್ಪೆಂದು ಬಿತ್ತು. ಚನ್ನೇಶ ತಂಬಿಟ್ಟನ್ನು ಹೇಗೋ ನುಂಗಿದ. ಮೆಟ್ಟಿಲಲ್ಲಿ ಶರತ್ಚಂದ್ರರ ಚಪ್ಪಲಿಯ ಸದ್ದು ಕೇಳಿಸಿತು. ಹೇಳಿದ ಸಮಯಕ್ಕಿಂತ ಮುಂಚೆಯೇ ಬಂದಿದ್ದರು.

ಆಣೆ ಇಟ್ಟಿದ್ದು ಉಮಾಶಂಕರರಿಗೆ ನೆನಪಿತ್ತು. ಡಬ್ಬಿಯ ಮುಚ್ಚಳ ಹಾಕಿ, ಅದನ್ನು ಚನ್ನೇಶನ ಕೈಗಿಟ್ಟು, ಹಿಂದೆಂದೂ ಮಾತಾಡಿಸದಷ್ಟು ಮೃದುವಾಗಿ ಹೇಳಿದರು.

"ಬುತ್ತಿಗಾಯ್ತದೆ, ಮಡಿಕ್ಕ. ನಾಳೀಕೆ ಏಳು ಗಂಟೆ ಬೇಲೂರು ಬಸ್ಸಿಗೆ ಒಂಚೂರು ಮುಂಚೇನೇ ಹೋಗು ಕಣಪ್ಪ. ಕಿಟಕಿ ಪಕ್ಕದ ಸೀಟು ಸಿಕ್ತದೆ."